ಒಲೆ ಗುರುತಿಸಬೇಕಾದ ಕೈ

ದಿನಾ ಬೆಳಿಗ್ಗೆ ಆರು ಗಂಟೆಗೆ ನನ್ನ ಅಕ್ಕನ ಒಲೆ "ಯಾರು?" ಎಂದು ಕೇಳುತ್ತಿತ್ತು. ಅಕ್ಕ ನೀಲವ್ವ ಅದರ ಮುಂದೆಯೇ ನಿಂತಿರುತ್ತಿದ್ದಳು, ಆದರೆ ಉತ್ತರ ಕೊಡಬೇಕಾದವಳು ನಾನು. ಮೂರು ಮನೆ ಆಚೆಯಿಂದ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದು, ಬಾಗಿಲಲ್ಲೇ ನಿಂತು, "ನಾನು, ಕಸ್ತೂರಿ. ಒಲಿ ಹಚ್ಚು" ಎನ್ನಬೇಕು. ಆಗ ಪೈಪಿನಲ್ಲಿ ಗ್ಯಾಸು ಬರುತ್ತಿತ್ತು. ಇಪ್ಪತ್ತು ನಿಮಿಷ ಬಿಟ್ಟು ಅದು ಮತ್ತೆ ಕೇಳುತ್ತಿತ್ತು, ನಾನು ಮತ್ತೆ ಹೇಳಬೇಕಿತ್ತು. ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿಗೆ ಅಕ್ಕ ನೂರು ರೊಟ್ಟಿ ಮುಗಿಸುವ ತನಕ ನಾನು ಅಲ್ಲೇ ಗೋಡೆಗೆ ಒರಗಿ ಆಕಳಿಸುತ್ತಾ ಕೂತಿರುತ್ತಿದ್ದೆ. ಮೂವತ್ತು ವರ್ಷ ರೊಟ್ಟಿ ಬಡಿದ ಹೆಂಗಸು ತನ್ನ ಮನೆಯ ಒಲೆಗೇ ಅಪರಿಚಿತಳಾಗಿದ್ದಳು. ಇದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಟಲಲ್ಲಿ ಗಡ್ಡೆ ಬೆಳೆದು ಆಪರೇಷನ್ ಆದಾಗ ಅಕ್ಕನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಈಗ ಅವಳು ಉಸಿರಾಡುವುದು ಕೊರಳ ಮುಂದಿನ ಸಣ್ಣ ತೂತಿನಿಂದ. ಅದರ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಾಳೆ. ಹೇಳಬೇಕಾದ್ದನ್ನು ಕೈಸನ್ನೆಯಲ್ಲಿ ಹೇಳುತ್ತಾಳೆ, ತೀರಾ ತಿಳಿಯದಿದ್ದರೆ ಪಾಟಿಯ ಮೇಲೆ ಬರೆಯುತ್ತಾಳೆ.

ಘಟಪ್ರಭೆಯ ದಂಡೆಯ ನಮ್ಮ ಕೆಂಗುಡ್ಡ ಕಾಲೋನಿಯ ಒಂಬೈನೂರು ಮನೆಗಳನ್ನು ನಡೆಸುವುದು 'ಮನೆವಾರ್ತೆ' ಎಂಬ ತಂತ್ರಾಂಶ. ನಳ, ಪಂಪು, ದೀಪ, ಬಾಗಿಲು, ಒಲೆ ಎಲ್ಲ ಅದರ ಸುಪರ್ದಿಯಲ್ಲಿವೆ. ಹನ್ನೆರಡು ವರ್ಷಗಳ ಹಿಂದೆ ಯಾರೂ ಇಲ್ಲದ ಅಡುಗೆಮನೆಯೊಂದರಲ್ಲಿ ಒಲೆ ಉರಿಯುತ್ತಲೇ ಉಳಿದು ಒಂದು ಓಣಿಯೇ ಸುಟ್ಟಿತು. ಅಂದಿನಿಂದ 'ಒಲೆ ಕಾವಲು' ಎಂಬ ನಿಯಮ ಬಂತು. ಒಲೆಯ ಮುಂದೆ ತಿಳಿವಳಿಕೆಯುಳ್ಳ ಮನುಷ್ಯರು ಇದ್ದಾರೆಂದು ಖಾತ್ರಿಯಾದರೆ ಮಾತ್ರ ಗ್ಯಾಸು ಬರುತ್ತದೆ. ಖಾತ್ರಿ ಮಾಡಿಕೊಳ್ಳಲು ಕ್ಯಾಮರಾ ಇಡುತ್ತೇವೆ ಎಂದಾಗ ಕಾಲೋನಿಯ ಹೆಂಗಸರು ಕಸಬರಿಗೆ ಹಿಡಿದು ಕಚೇರಿಗೆ ಬಂದಿದ್ದರು. ಬೆರಳಚ್ಚು ನೋಡೋಣವೆಂದರೆ ಬಿಸಿ ಹಂಚು ಮುಟ್ಟಿ ಮುಟ್ಟಿ ಅರ್ಧ ಜನರ ಬೆರಳಿನಲ್ಲಿ ಗೆರೆಯೇ ಉಳಿದಿರಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದ್ದು ದನಿಯನ್ನು. ಒಂಬೈನೂರು ಮನೆಗಳಲ್ಲಿ ಒಬ್ಬಳಿಗೆ ದನಿಯೇ ಇಲ್ಲದೆ ಹೋದರೆ ಏನು ಗತಿ ಎಂದು ಆಗ ಯಾರೂ ಯೋಚಿಸಲಿಲ್ಲ. ಸುಳ್ಳೇಕೆ, ನಾನೂ ಯೋಚಿಸಿರಲಿಲ್ಲ. ಮನೆವಾರ್ತೆಯ ನಿಯಂತ್ರಣ ಕೋಣೆಯಲ್ಲಿ ಸಂಬಳ ತೆಗೆದುಕೊಳ್ಳುವವಳು ನಾನೇ.

ಅಕ್ಕನ ಹಳೆಯ ದನಿ ನನ್ನ ಫೋನಿನಲ್ಲಿತ್ತು. ಯಾವುದೋ ಹಬ್ಬಕ್ಕೆ ನನ್ನನ್ನು ಬೈದಿದ್ದು. ಒಂದು ದಿನ ಅದನ್ನೇ ಒಲೆಯ ಮುಂದೆ ಹಿಡಿದೆ. "ಇದು ಗಂಟಲಿನ ದನಿಯಲ್ಲ" ಎಂದಿತು ಒಲೆ. ಅಕ್ಕ ಹಿಂದಿನಿಂದ ಬಂದು ಫೋನು ಕಿತ್ತುಕೊಂಡಳು. ತನ್ನದೇ ದನಿಯನ್ನು ಹಾಗೆ ಥಟ್ಟನೆ ಕೇಳಿ ಅವಳ ಮುಖ ಬಾಡಿಹೋಗಿತ್ತು. ಆ ತಪ್ಪನ್ನು ನಾನು ಮತ್ತೆ ಮಾಡಲಿಲ್ಲ.

ಬೇರೆಯವರ ದನಿಯಲ್ಲಿ ಒಲೆ ನಡೆಸಲು ಒಂಬತ್ತು ತಿಂಗಳ ರಿಯಾಯಿತಿ ಉಂಟು. ಆಮೇಲೆ ಆ ಮನೆ 'ಒಲೆಯಿಲ್ಲದ ಮನೆ'ಗಳ ಪಟ್ಟಿಗೆ ಸೇರುತ್ತದೆ. ಗ್ಯಾಸಿನ ಲೈನು ಕತ್ತರಿಸಿ, ಎರಡು ಹೊತ್ತು ಡಬ್ಬಿಯಲ್ಲಿ ಊಟ ಕಳಿಸುತ್ತಾರೆ. ಎಂಟು ವಾರ ಉಳಿದಿದ್ದಾಗ ನಾನು ನಿಯಂತ್ರಣ ಕೋಣೆಯ ಮೇಲಿನ ಮಹಡಿಗೆ, ತಪಾಸಣೆ ವಿಭಾಗದ ಕುಬೇರಪ್ಪ ಬಡಿಗೇರರ ಹತ್ತಿರ ಹೋದೆ.

"ನಿಯಮ ನಾ ಬರ್ದಿಲ್ಲವಾ ಕಸ್ತೂರಿ," ಎಂದರು ಅವರು. "ಒಲಿ ಮುಂದ ತಿಳುವಳಿಕಿ ಇರೋ ಮನಿಷಾ ಅದಾನ ಅಂತ ಖಾತ್ರಿ ಆಗಬೇಕು. ಅಷ್ಟ."

"ಅದು ದನಿಯಿಂದನ ಆಗಬೇಕಂತ ಎಲ್ಲೈತ್ರಿ?"

ಬಡಿಗೇರರು ಕನ್ನಡಕ ಹಾಕಿಕೊಂಡು ನಿಯಮದ ಪುಸ್ತಕ ತೆಗೆದರು. 'ದನಿ, ಅಥವಾ ನಂಬಬಹುದಾದ ಬೇರೆ ಗುರುತು' ಎಂದಿತ್ತು. ಅವರೇ ಎರಡು ಸಲ ಓದಿದರು. "ಬ್ಯಾರೆ ಗುರುತು ಇಲ್ಲೀತನಕ ಯಾರೂ ತಂದಿಲ್ಲ."

"ನಾ ತರ್ತೀನ್ರಿ."

"ಒಂದ ತಪಾಸಣಿ, ಮೂರು ಅವಕಾಶ. ಆಕಿ ಕೈಗೆ ಒಲಿ ಹತ್ತಬೇಕು, ಬ್ಯಾರೇದವ್ರ ಕೈಗೆ ಹತ್ತಬಾರ್ದು. ಆಗಲಿಲ್ಲಂದ್ರ ಲೈನ್ ಕತ್ತರಸ್ತೀನಿ. ಆಮ್ಯಾಲ ನನ್ನ ಬೈಬ್ಯಾಡ."

"ಈಗ ಬೈದು ಹೋಗ್ತೀನ್ರಿ ಸರ. ಆಮ್ಯಾಲ ನಂಗ ಪುರಸೊತ್ತ ಇರಂಗಿಲ್ಲ."

ಬಡಿಗೇರರು ಕೆಟ್ಟವರಲ್ಲ. ಸುಟ್ಟ ಓಣಿಯಲ್ಲಿ ಅವರ ಮನೆಯೂ ಇತ್ತು, ಅದಕ್ಕೇ ಅವರು ಯಾರಿಗೂ ಸಡಿಲ ಬಿಡುತ್ತಿರಲಿಲ್ಲ.

ಮನೆವಾರ್ತೆಯಲ್ಲಿ ಒಂದು ಒಳ್ಳೆಯ ಗುಣವಿದೆ. ಅದಕ್ಕೆ ಬಾರದ ಕೆಲಸವನ್ನು ನಾವೇ ಒಂದು ತುಂಡು ಪ್ರೋಗ್ರಾಮ್ ಬರೆದು ಜೋಡಿಸಬಹುದು. ಇದಕ್ಕೆ ಕಾಂಪೊನೆಂಟ್ ಎನ್ನುತ್ತೇವೆ. ಕಾಲೋನಿಯಲ್ಲಿ ಈ ಹುಚ್ಚು ಬಹಳ ಜನರಿಗಿದೆ. ಹಾಲು ಉಕ್ಕುವ ಮೊದಲೇ ಕೂಗುವ ಕಾಂಪೊನೆಂಟ್ ಒಬ್ಬರು ಬರೆದಿದ್ದಾರೆ. ಮಾಳಿಗೆಯ ಮೇಲೆ ಮಂಗ ಬಂದರೆ ಶಂಖ ಊದುವ ಕಾಂಪೊನೆಂಟನ್ನು ಒಬ್ಬ ನಿವೃತ್ತ ಮಾಸ್ತರರು ಬರೆದಿದ್ದಾರೆ. ಈಗ ಮಂಗಗಳು ಶಂಖ ಕೇಳಲೆಂದೇ ಬರುತ್ತವೆ.

ನನಗೆ ದಾರಿ ಹೊಳೆದದ್ದು ಅಕ್ಕನ ಅಡುಗೆಮನೆಯ ಗೋಡೆಗೆ ಒರಗಿದ್ದಾಗ. ಗೋಡೆಯ ಆಚೆ ಪಕ್ಕದ ಮನೆಯ ರಾಬಿಯಾ ರೊಟ್ಟಿ ಬಡಿಯುತ್ತಿದ್ದಳು. ನೋಡದೆಯೇ ನನಗೆ ಅದು ರಾಬಿಯಾ, ಅವಳ ಅತ್ತೆಯಲ್ಲ ಎಂದು ಗೊತ್ತಾಯಿತು. ನಮ್ಮ ಕಡೆಯ ಯಾವ ಹೆಂಗಸಿಗಾದರೂ ಗೊತ್ತಾಗುತ್ತದೆ. ಒಬ್ಬೊಬ್ಬರದು ಒಂದೊಂದು ಕೈ. ಎಷ್ಟು ಪೆಟ್ಟಿಗೆ ರೊಟ್ಟಿ ತಿರುಗಿಸುತ್ತಾರೆ, ಯಾವ ಪೆಟ್ಟು ಜೋರು, ಹಿಟ್ಟು ಉದುರಿಸಲು ಎಲ್ಲಿ ನಿಲ್ಲಿಸುತ್ತಾರೆ, ಇದೆಲ್ಲ ಮೂವತ್ತು ವರ್ಷದಲ್ಲಿ ಕೈಯೊಳಗೆ ಕೂತುಬಿಟ್ಟಿರುತ್ತದೆ. ದನಿಯನ್ನು ಗುರುತಿಸುವ ಯಂತ್ರ ಇದನ್ನೇಕೆ ಗುರುತಿಸಬಾರದು?

ನಡುಕವನ್ನು ಕರೆಂಟಿನ ಸಣ್ಣ ಮಿಡಿತವಾಗಿಸುವ, ರೂಪಾಯಿ ನಾಣ್ಯದಷ್ಟಿರುವ ಬಿಲ್ಲೆ ಸಿಗುತ್ತದೆ. ಅಂಥ ಎರಡು ಬಿಲ್ಲೆಗಳನ್ನು ಅಕ್ಕನ ರೊಟ್ಟಿ ಹಲಗೆಯ ಅಡಿಗೆ ಅಂಟಿಸಿದೆ. ಪೆಟ್ಟುಗಳ ನಡುವಿನ ಅಂತರ, ಪೆಟ್ಟಿನ ಬಲ, ಹಲಗೆಯ ಮೇಲೆ ಅದು ಬಿದ್ದ ಜಾಗ, ಈ ಮೂರನ್ನು ಅಳೆದು ಅಕ್ಕನ ಕೈಯ ಮಾದರಿಯೊಂದನ್ನು ಕಟ್ಟುವುದು ನನ್ನ ಕಾಂಪೊನೆಂಟಿನ ಕೆಲಸ. ಪಲ್ಯ ಮಾಡುವಾಗಲೂ ಹಿಟ್ಟಿನ ಒಂದು ಉಂಡೆ ಬದಿಗಿದ್ದರೆ ಸಾಕು, ಇಪ್ಪತ್ತು ನಿಮಿಷಕ್ಕೊಮ್ಮೆ ತಟ್ಟಿ ತೋರಿಸಬಹುದು. ಬಹಳ ಹೆಮ್ಮೆಯಿಂದ ಇದನ್ನೆಲ್ಲ ಅಕ್ಕನಿಗೆ ವಿವರಿಸಿದೆ. ಅವಳು ಪಾಟಿಯ ಮೇಲೆ ಬರೆದಳು: "ಒಲಿ ಹತ್ತಾಕ ರೊಟ್ಟಿ ಬಡೀಬೇಕು. ರೊಟ್ಟಿ ಬಡಿಯಾಕ ಬಿಸಿನೀರಾಗ ಹಿಟ್ಟು ನಾದಬೇಕು. ಬಿಸಿನೀರು ಎಲ್ಲಿಂದ ತರ್ಲಿ?"

ಎಂಜಿನಿಯರಿಂಗ್ ಓದಿದವಳಿಗೆ ಇಷ್ಟು ಹೊಳೆದಿರಲಿಲ್ಲ. ತಾನೇ ಆರುವ ಕೆಟಲ್‌ಗೆ ಕಾವಲಿನ ನಿಯಮ ಇಲ್ಲವಾದ್ದರಿಂದ ಮಾನ ಉಳಿಯಿತು. ಒಂದು ಕೆಟಲ್ ತಂದುಕೊಟ್ಟೆ.

ಮೂರು ದಿನ ರೆಕಾರ್ಡು ಮಾಡಿದೆ. ಅಕ್ಕ ಹಲಗೆ ತೊಳೆದು, ಸೆರಗು ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ ಕೂತು ಬಡಿದಳು. ನಿಯಂತ್ರಣ ಕೋಣೆಯಲ್ಲಿ ಕೂತು ಮಾದರಿ ಕಟ್ಟಿದೆ. ಅಲ್ಲಿನ ಪರೀಕ್ಷೆಯಲ್ಲಿ ನೂರಕ್ಕೆ ನೂರು ಸರಿಬಂತು. ತಪಾಸಣೆ ಮುಗಿಯುವ ತನಕ ಉರಿಗೆ ನನ್ನ ದನಿಯೇ ಬೇಕು, ಕಾಂಪೊನೆಂಟ್ ಕೈಯನ್ನು ಗುರುತಿಸಿದರೆ ಹಸಿರು ದೀಪವನ್ನಷ್ಟೇ ತೋರಿಸುತ್ತದೆ. ನಾಲ್ಕನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅದನ್ನು ಜೋಡಿಸಿ ಹಸಿರು ದೀಪಕ್ಕಾಗಿ ಕಾದು ನಿಂತೆ.

"ಗುರುತು ಸಿಗಲಿಲ್ಲ," ಎಂದಿತು ಮನೆವಾರ್ತೆ. ಮತ್ತೊಂದು ರೊಟ್ಟಿ. "ಗುರುತು ಸಿಗಲಿಲ್ಲ." ಹನ್ನೊಂದು ರೊಟ್ಟಿಗಳ ತನಕ ಅದು ಇದನ್ನೇ ಹೇಳಿತು. ಹನ್ನೆರಡನೆಯದಕ್ಕೆ ಅಕ್ಕ ಹಿಟ್ಟಿನ ಕೈಯಲ್ಲೇ ಅದರ ಸ್ಪೀಕರಿಗೆ ಒಂದು ಬಿಟ್ಟಳು.

ಒಂದು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬಿಲ್ಲೆ ಬದಲಿಸಿದೆ, ವೈರು ಬದಲಿಸಿದೆ, ಹೊಸ ಜೋಳದ ಹಿಟ್ಟಿಗೆ ಜಿಗುಟು ಕಡಿಮೆಯೇ ಎಂದು ಗಿರಣಿಯವನ ತಲೆ ತಿಂದೆ. ತಪ್ಪು ಕಂಡುಹಿಡಿದವಳು ರಾಬಿಯಾ. ರೆಕಾರ್ಡು ಮಾಡಿದ ದಿನಗಳ ರೊಟ್ಟಿಗಳನ್ನು ಅಕ್ಕ ಒಣಗಿಸಿ ಇಟ್ಟಿದ್ದಳು. ಅದರಲ್ಲಿ ನಾಲ್ಕನ್ನು ರಾಬಿಯಾಗೆ ಕೊಟ್ಟೆ. ಅವಳು ಒಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಬೀಗರು ಬಂದಿದ್ರೇನು ಕಸ್ತೂರಕ್ಕ?"

"ಇಲ್ಲಲ್ಲ. ಯಾಕ?"

"ಇವು ಬೀಗರಿಗೆ ಮಾಡೋ ರೊಟ್ಟಿ. ನೋಡ್ರಿ, ಆಚಿ ಕಡಿ ಬೆಳಕು ಕಾಣಸ್ತದ. ಕ್ಯಾಂಟೀನಿಗೆ ಯಾರರ ಹಿಂಗ ಬಡೀತಾರೇನು? ದಿನಾ ನೀಲಕ್ಕ ಬಡಿಯೋ ಸಪ್ಪಳನ ಬ್ಯಾರೆ."

ನಾನು ಹಣೆ ಚಚ್ಚಿಕೊಂಡೆ. ರೆಕಾರ್ಡು ಎಂದಾಕ್ಷಣ ಅಕ್ಕ ತನ್ನ ಅತ್ಯುತ್ತಮ ರೊಟ್ಟಿ ಬಡಿದಿದ್ದಳು. ನಿಧಾನ, ತೆಳು, ಅಂಚಿನಲ್ಲಿ ಒಂದು ಬಿರುಕಿಲ್ಲ. ರೆಕಾರ್ಡು ಮುಗಿಯಿತೆಂದು ನಾಲ್ಕನೇ ದಿನ ಕ್ಯಾಂಟೀನಿನ ಕೈಗೆ ಮರಳಿದ್ದಳು. ಬೀಗರು ಬಂದಾಗಿನ ಕೈಯನ್ನು ನಾನು ಒಲೆಗೆ ಕಲಿಸಿದ್ದೆ. ಬೀಗರು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಕೇಳಿದರೆ ಅಕ್ಕ ಪಾಟಿಯ ಮೇಲೆ ಬರೆದಳು: "ನಾಲ್ಕು ಮಂದಿ ಕೇಳೂದು ಅಂದ್ರ ಚೊಲೊ ಬಡೀಬ್ಯಾಡೇನು?" ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಎರಡೂ ಕೈಗಳನ್ನು ಸೇರಿಸಿ ಒಂದು ಮಾದರಿ ಮಾಡಿದೆ. ಹಸಿರು ದೀಪ ಬಂತು. ಆದರೆ ಜರಡಿಯ ಕಣ್ಣು ದೊಡ್ಡದಾದ ಹಾಗೆ ಆಗಿ, ರಾಬಿಯಾ ಬಡಿದರೂ ಹಸಿರು, ಅವಳ ಅತ್ತೆ ಬಡಿದರೂ ಹಸಿರು. ಬಡಿಗೇರರು ಇದನ್ನು ಒಪ್ಪುವ ಮಾತೇ ಇಲ್ಲ, ಒಪ್ಪಲೂಬಾರದು. ಬೀಗರ ರೊಟ್ಟಿಯ ರೆಕಾರ್ಡುಗಳನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ. ಈ ಸಲ ಅಕ್ಕನ ಒಪ್ಪಿಗೆ ಪಡೆದು ಮೂರು ವಾರ ರೆಕಾರ್ಡು ಚಾಲೂ ಇಟ್ಟು ಸುಮ್ಮನಾದೆ. ಐದಾರು ದಿನ ಅವಳು ಬೆನ್ನು ನೆಟ್ಟಗೇ ಇಟ್ಟುಕೊಂಡಿದ್ದಳು. ಏಳನೆಯ ದಿನ ಹಾಲಿನವನ ಮೇಲಿನ ಸಿಟ್ಟನ್ನು ರೊಟ್ಟಿಯ ಮೇಲೆ ತೆಗೆದಳು. ಆಗ ನನಗೆ ಜೀವ ಬಂದಂತಾಯಿತು. ಆಮೇಲಿನದನ್ನೇ ಆರಿಸಿಕೊಂಡು ಮಾದರಿ ಕಟ್ಟಿದೆ. ಎರಡು ವಾರ ಒಂದು ದಿನವೂ ತಪ್ಪಲಿಲ್ಲ. ಅಕ್ಕನಿಗೆ ಹಸಿರು, ರಾಬಿಯಾಗೆ ಕೆಂಪು, ಅವಳ ಅತ್ತೆಗೆ ಕೆಂಪು. ನನ್ನ ರೊಟ್ಟಿಯನ್ನಂತೂ ಅದು ರೊಟ್ಟಿ ಎಂದೇ ಒಪ್ಪಲಿಲ್ಲ.

ತಪಾಸಣೆಯ ದಿನ ಬಡಿಗೇರರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ರಿಯಾಯಿತಿ ಮುಗಿಯಲು ಎರಡೇ ದಿನ ಉಳಿದಿತ್ತು. ಅವರು ಉಪಕರಣ ಜೋಡಿಸಿ, ಅಂದಿನ ಮಟ್ಟಿಗೆ ಕಾಂಪೊನೆಂಟಿಗೆ ಉರಿಯ ಅಧಿಕಾರ ಕೊಟ್ಟರು. ಅಕ್ಕ ಪಡಸಾಲೆಯ ಒಳ್ಳೆಯ ಕುರ್ಚಿಯನ್ನು ಅಡುಗೆಮನೆಗೆ ತಂದು ಹಾಕಿ, ಕಪ್ಪು-ಸಾಸರಿನಲ್ಲಿ ಚಹಾ ಕೊಟ್ಟಳು. ಮೊದಲು ರಾಬಿಯಾ ಬಡಿದಳು, ಅವಳ ಅತ್ತೆ ಬಡಿದಳು. ಒಲೆ ಜಗ್ಗಲಿಲ್ಲ. "ಚೊಲೊ," ಎಂದು ಬಡಿಗೇರರು ಗುರುತು ಹಾಕಿಕೊಂಡರು. ಅವರಿಬ್ಬರೂ ಮನೆಗೆ ಹೋದ ಮೇಲೆ ಅಕ್ಕ ಹಲಗೆಯ ಮುಂದೆ ಕೂತಳು.

ನಾಲ್ಕು ಪೆಟ್ಟು ಕೇಳುವಷ್ಟರಲ್ಲಿ ನನಗೆ ಗೊತ್ತಾಯಿತು. ನಿಧಾನವಾಗಿ, ನಾಜೂಕಾಗಿ, ಬೆನ್ನು ನೆಟ್ಟಗೆ ಇಟ್ಟುಕೊಂಡು ಅಕ್ಕ ಬೀಗರ ರೊಟ್ಟಿ ಬಡಿಯುತ್ತಿದ್ದಳು. ಮನೆಗೆ ದೊಡ್ಡ ಮನುಷ್ಯರು ಬಂದು ಕುರ್ಚಿಯ ಮೇಲೆ ಕೂತಿದ್ದಾರೆ, ಅವಳ ಕೈ ಇನ್ನೇನು ಮಾಡೀತು?

"ಗುರುತು ಸಿಗಲಿಲ್ಲ."

"ಅಕ್ಕಾ, ದಿನಾ ಬಡದಂಗ ಬಡಿ," ಎಂದೆ. ಹೇಳಿದ್ದರಿಂದ ಇನ್ನೂ ಕೆಟ್ಟಿತು. ದಿನಾ ಹೇಗೆ ಬಡಿಯುತ್ತೇನೆ ಎಂದು ಯೋಚಿಸುತ್ತಾ ಬಡಿದರೆ ಅದು ಯಾರ ಕೈಯೂ ಅಲ್ಲ. ರೊಟ್ಟಿ ನಡುವೆ ಹರಿಯಿತು. "ಗುರುತು ಸಿಗಲಿಲ್ಲ."

"ಎರಡಾದ್ವು," ಎಂದರು ಬಡಿಗೇರರು. ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. "ಇನ್ನ ಒಂದ ಉಳೀತವಾ ನೀಲವ್ವ. ಸಾವಕಾಶ ಮಾಡು."

"ಸರ, ನೀವು ಒಂದೀಟು ಹೊರಗ ಕುಂದರ್ತೀರೇನ್ರಿ?"

"ಬರಂಗಿಲ್ಲವಾ. ಒಲಿ ನನ್ನ ಕಣ್ಣ ಮುಂದನ ಹತ್ತಬೇಕು."

ನಾನು ಏನಾದರೂ ಅಂದುಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ಕೈ ಒರೆಸಿಕೊಂಡು ಎದ್ದಳು. ರಾಬಿಯಾ ಹೇಳಿದ್ದನ್ನು, ನಾನು ಬೀಗರ ರೊಟ್ಟಿಯ ರೆಕಾರ್ಡು ಅಳಿಸಿದ್ದನ್ನು, ಎಲ್ಲವನ್ನೂ ಅವಳು ಆಗಲೇ ಕೇಳಿಸಿಕೊಂಡಿದ್ದಳು. ಒಂದು ಗಳಿಗೆ ಬಡಿಗೇರರನ್ನೇ ನೋಡಿದಳು. ಮುಂದೆ ಹೋಗಿ ಅರ್ಧ ಕುಡಿದ ಚಹಾವನ್ನು ಅವರ ಕೈಯಿಂದ ತೆಗೆದು ಕಟ್ಟೆಯ ಮೇಲಿಟ್ಟಳು. ಏಳು ಎಂದು ಸನ್ನೆ ಮಾಡಿದಳು. ಅವರು ಗಾಬರಿಯಾಗಿ ಎದ್ದರು. ಕುರ್ಚಿಯನ್ನು ಹೊರಗಿಟ್ಟು, ನೆಲದ ಮೇಲೆ ಮಣೆ ಹಾಕಿ, ಅವರನ್ನು ಕೂರಿಸಿ, ಮುಂದೆ ಒಂದು ತಾಟು ಬೆಳ್ಳುಳ್ಳಿ ಸುರಿದಳು. ಸುಲಿ ಎಂದು ಬೆರಳಲ್ಲಿ ತೋರಿಸಿದಳು.

ಬಡಿಗೇರರು ನನ್ನ ಕಡೆ ನೋಡಿದರು. "ಇದು ತಪಾಸಣಿಗೆ ಬೇಕೇನವಾ?"

"ಬೇಕ್ರಿ ಸರ. ಇದಿಲ್ಲಂದ್ರ ಆಗಂಗಿಲ್ರಿ."

ಇಪ್ಪತ್ತೆಂಟು ವರ್ಷ ಸರ್ವಿಸು ಮಾಡಿದ ಅಧಿಕಾರಿ ಇಸ್ತ್ರಿ ಅಂಗಿಯ ತೋಳು ಮಡಚಿ ಬೆಳ್ಳುಳ್ಳಿ ಸುಲಿಯಲು ಕೂತರು. ಆ ಕೆಲಸ ಅವರಿಗೆ ಬರುತ್ತಿರಲಿಲ್ಲ. ಸಿಪ್ಪೆಯ ಜೊತೆ ಅರ್ಧ ಎಸಳೂ ಹೋಗುತ್ತಿತ್ತು. ಅಕ್ಕ ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡಿ, ಲೋಟದ ಬುಡದಿಂದ ಒಂದು ಎಸಳು ಒತ್ತಿ ಸಿಪ್ಪೆ ಬಿಡಿಸುವುದನ್ನು ತೋರಿಸಿದಳು. ಆಮೇಲೆ ಕೊಡ ಎತ್ತಿಡಿಸಿದಳು. ಆಮೇಲೆ ಕಸ ಗುಡಿಸುತ್ತಾ ಬಂದು, ಅವರ ಕಾಲನ್ನು ಕಸಬರಿಗೆಯ ಹಿಡಿಯಿಂದ ತಟ್ಟಿ ಸರಿಸಿದಳು. ಅವರು ಕಾಲು ಮಡಚಿಕೊಂಡರು. "ನಮ್ಮವ್ವನೂ ಹಿಂಗ ಮಾಡ್ತಿದ್ಲು," ಎಂದು ತಮ್ಮಷ್ಟಕ್ಕೆ ಅಂದರು.

ಕೈ ತೊಳೆದು ಬಂದ ಅಕ್ಕ ಹಲಗೆಯ ಮುಂದೆ ಕೂತಳು. ಬಡಿಗೇರರನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬೆಳ್ಳುಳ್ಳಿ ಇಷ್ಟು ಹೊತ್ತಾದರೂ ಮುಗಿಯಲಿಲ್ಲವಲ್ಲ ಎಂಬ ಸಿಡುಕು ಮುಖದಲ್ಲಿತ್ತು. ಹಿಟ್ಟಿನ ಉಂಡೆ ಹಲಗೆಗೆ ಬಿತ್ತು. ಬೇಗ ಬೇಗ, ಜೋರು ಜೋರು, ಮೂರು ಪೆಟ್ಟಿಗೊಂದು ತಿರುವು, ಬಲಗೈ ಕಿರುಬೆರಳಿನಿಂದ ಅಂಚಿಗೊಂದು ತಟ್ಟು. ಇದು ನನ್ನ ಅಕ್ಕನ ಕೈ. ನಾನು ಶಾಲೆಗೆ ಹೋಗುವ ಮುಂಚೆ ಹಾಸಿಗೆಯಲ್ಲೇ ಮಲಗಿ ಕೇಳಿದ್ದು ಇದೇ ಸಪ್ಪಳ.

ಒಲೆ ಯಾರು ಎಂದು ಕೇಳಲಿಲ್ಲ. ಸುಮ್ಮನೆ ಹೊತ್ತಿತು.

ನನಗೆ ಅಳು ಬಂತು, ತಡೆಯಲಿಲ್ಲ. ಒಂಬತ್ತು ತಿಂಗಳಿನಿಂದ ಸಿಟ್ಟು ಮಾಡಿಕೊಂಡು ತಡೆದಿಟ್ಟ ಅಳು. ಅಕ್ಕ ಹಂಚಿನ ಮೇಲೆ ರೊಟ್ಟಿ ಹಾಕಿ, ನನ್ನ ಕಡೆ ತಿರುಗಿ, ನೀರು ಸವರುವ ಅರಿವೆ ಕೊಡು ಎಂದು ಕೈ ಚಾಚಿದಳು. ಮೂಗು ಒರೆಸಿಕೊಂಡು ಕೊಟ್ಟೆ.

ಇಪ್ಪತ್ತು ನಿಮಿಷಕ್ಕೆ ಎರಡನೇ ಖಾತ್ರಿ, ನಲವತ್ತಕ್ಕೆ ಮೂರನೆಯದು, ಎರಡೂ ಸರಿಯಾದವು. ಬಡಿಗೇರರು ಅಷ್ಟರಲ್ಲಿ ತಾವೇ ಸುಲಿದ ಬೆಳ್ಳುಳ್ಳಿಯ ಚಟ್ನಿಯಲ್ಲಿ ಎರಡು ರೊಟ್ಟಿ ತಿಂದಿದ್ದರು. ಕೈ ತೊಳೆದು ಕಾಗದ ಪತ್ರ ತೆಗೆದು, ಅಕ್ಕನ ಸಹಿ ಮಾಡಿಸಿಕೊಂಡು, ನನ್ನ ಕಡೆ ತಿರುಗಿದರು.

"ಇನ್ನೊಂದು ಕೆಲಸ ಉಳದೈತಿ ಕಸ್ತೂರಿ. ಈ ಒಲಿಗೆ ನಿನ್ನ ದನಿ ಬರ್ಕೊಂಡೈತಿ. ಅದನ್ನ ತಗೀಬೇಕು. ತಗದ್ರ ಮತ್ತ ನೀ ಹೇಳಿದ್ರ ಹತ್ತಂಗಿಲ್ಲ. ಒಪ್ಪಿಗಿ ಹೇಳು."

ಒಪ್ಪಿಗೆ ಎನ್ನಲು ನನಗೆ ಮನಸ್ಸಾಗಲಿಲ್ಲ. ನನಗೇ ಆಶ್ಚರ್ಯವಾಯಿತು. ಇದಕ್ಕಾಗಿಯೇ ಅಲ್ಲವೆ ನಾನು ಇಷ್ಟು ದಿನ ಬಡಿದಾಡಿದ್ದು? ಆದರೆ ಈ ಒಂಬತ್ತು ತಿಂಗಳು ದಿನಾ ಬೆಳಿಗ್ಗೆ ಅಕ್ಕ ಬಾಗಿಲ ಕಡೆ ನೋಡುತ್ತಾ ನನಗಾಗಿ ಕಾದಿದ್ದಳು. ನಾನು ಬಂದರೆ ಒಲೆ, ಬರದಿದ್ದರೆ ಇಲ್ಲ. ಚಿಕ್ಕಂದಿನಿಂದ ನನ್ನ ಜಡೆ ಹೆಣೆದು, ಬೈದು, ಓದಿಸಿದ ಅಕ್ಕನಿಗೆ ಒಂದು ಸಲವಾದರೂ ನಾನು ಬೇಕೇ ಬೇಕಾಗಿದ್ದೆ. ಅದು ನನಗೆ ಹಿತವಾಗಿತ್ತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಅಕ್ಕ ನನ್ನನ್ನು ನೋಡುತ್ತಿದ್ದಳು. ಎಲ್ಲ ಅವಳಿಗೆ ತಿಳಿದಿತ್ತು ಎಂದು ಕಾಣುತ್ತದೆ. ಅವಸರ ಮಾಡಲಿಲ್ಲ.

"ತಗೀರಿ ಸರ," ಎಂದೆ.

ಅವರು ಎರಡು ಗುಂಡಿ ಒತ್ತಿ ಒಲೆ ಆರಿಸಿದರು. "ಈಗ ಹೇಳಿ ನೋಡು. ಹತ್ತಬಾರ್ದು."

"ನಾನು, ಕಸ್ತೂರಿ. ಒಲಿ ಹಚ್ಚು."

"ಈ ದನಿ ಈ ಮನೆಯದಲ್ಲ. ದಯವಿಟ್ಟು ಮನೆಯವರನ್ನು ಕರೆಯಿರಿ," ಎಂದಿತು ಒಲೆ, ನನ್ನ ಮುಖದ ಮೇಲೆ ಹೊಡೆದಂತೆ.

ಅಕ್ಕ ನನ್ನ ಮುಖ ನೋಡಿದಳು. ಅವಳ ಭುಜ ಕುಣಿಯತೊಡಗಿತು. ಹಿಟ್ಟಿನ ಕೈಯಿಂದ ಹೊಟ್ಟೆ ಹಿಡಿದುಕೊಂಡಳು, ಕಣ್ಣಲ್ಲಿ ನೀರು ಬಂತು, ಕೊರಳ ಮುಂದಿನ ಬಿಳಿ ಬಟ್ಟೆ ಉಸಿರಿಗೆ ಪಟಪಟ ಹಾರಿತು. ಆಪರೇಷನ್ ಆದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಒಂದಿಷ್ಟೂ ಸದ್ದಿಲ್ಲದೆ, ಗೋಡೆಗೆ ಒರಗಿ, ನಿಲ್ಲಿಸಲಾಗದೆ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನು ಪಕ್ಕಕ್ಕೆ ಸರಿಸಿ, ಹಲಗೆಯ ಮುಂದೆ ಕೂತು ಹಿಟ್ಟಿನ ಉಂಡೆ ತೆಗೆದುಕೊಂಡಳು. ಕ್ಯಾಂಟೀನಿಗೆ ಇನ್ನೂ ಎಪ್ಪತ್ತು ರೊಟ್ಟಿ ಬಾಕಿ ಇದ್ದವು.